ಬೀಗ ಬಿದ್ದ ಬಿತ್ತನೆ ಬತ್ತ

ಪೂಜ್ಯ ಶ್ರೀ ನಿರ್ವಾಣಯ್ಯನವರ ಮಠ ಎಂದ ಕೂಡಲೇ ಗೋಪುರ, ಕಲ್ಲುಮಂಟಪ, ಬಾಗಿಲಲ್ಲಿ ಆನೆ ಎಂದೆಲ್ಲ ಎಣಿಸಿಬಿಡಬೇಡಿ. ನಾಲೆಯ ಏರಿಯ ಕೆಳಗೆ ಮೂರಂಕಣದ ಒಂದು ನಾಡಹೆಂಚಿನ ಮನೆ, ಅದರ ಮುಂದೊಂದು ಬಿಲ್ವದ ಮರ, ಮಠವೆಂದರೆ ಅಷ್ಟೇ. ಅಯ್ಯನವರು ಎರಡು ಕಾವಿ ಪಂಚೆಗಳಲ್ಲಿ ವರ್ಷ ಕಳೆಯುತ್ತಿದ್ದರು. ಶಿವಪೂಜೆಯ ಕೋಣೆಯ ಕಿಟಕಿಯಲ್ಲಿ ಬೆಳ್ಳಿಯ ಸಾಮಾನು ಇರುತ್ತಿರಲಿಲ್ಲ. ಒಡೆದ ಮಡಕೆಯ ಓಡುಗಳು ಸಾಲಾಗಿರುತ್ತಿದ್ದವು, ಅವುಗಳಲ್ಲಿ ಒದ್ದೆ ಬಟ್ಟೆಯಲ್ಲಿ ಸುತ್ತಿದ ಕುಂಬಳ, ಸೋರೆ, ಪಡವಲದ ಬೀಜಗಳು. ಮೊಳಕೆ ಕಣ್ಣು ಬಿಟ್ಟ ಬೀಜವನ್ನು ಅಯ್ಯನವರು ತಮ್ಮ ಕೈಯಾರೆ ತೆಂಗಿನ ಚಿಪ್ಪಿನ ಮಣ್ಣಿಗೆ ಇಳಿಸಿ, ನಾಲ್ಕೆಲೆ ಬಂದ ಮೇಲೆ ದರ್ಶನಕ್ಕೆ ಬಂದವರಿಗೆ ಪ್ರಸಾದವೆಂದು ಕೊಡುತ್ತಿದ್ದರು. “ಹಿತ್ತಲಲ್ಲಿ ನೆಡು, ಕಾಯಿ ಬಿಟ್ಟಾಗ ನಾಲ್ಕು ಮನೆಗೆ ಕೊಡು” ಎಂಬುದೇ ಅವರ ಆಶೀರ್ವಾದ. ಅದಕ್ಕಿಂತ ಹೆಚ್ಚು ಮಾತು ಅವರಿಂದ ಕೇಳಿದವರು ಕಡಿಮೆ.

ಆ ಸೀಮೆಯಲ್ಲಿ ಬಿತ್ತನೆಯ ಬತ್ತವನ್ನೂ ಒಣಗಾಳಾಗಿ ಚೆಲ್ಲುವುದಿಲ್ಲ. ಒಂದು ದಿನ ನೀರಲ್ಲಿ ನೆನೆಸಿ, ಬಸಿದು, ಹುಲ್ಲು ಹಾಸಿದ ಬಿದಿರು ಕುಕ್ಕೆಗಳಲ್ಲಿ ತುಂಬಿ, ಮೇಲೆ ಒದ್ದೆ ಗೋಣಿ ಹೊದಿಸಿ, ಮನೆಯೊಳಗಿನ ಕತ್ತಲ ಕೋಣೆಯಲ್ಲಿ ಮೂರು ದಿನ ಇಡುತ್ತಾರೆ. ಬಿಳಿಯ ಮೊಳಕೆ ಮೂಡಿದ ಮೇಲೆಯೇ ಅದು ಸಸಿಮಡಿಗೆ ಹೋಗುವುದು. ಇದಕ್ಕೊಂದು ಕಟ್ಟು ಇತ್ತು. ಕುಕ್ಕೆಯ ಬತ್ತವನ್ನು ಮುತ್ತೈದೆಯೇ ಮುಟ್ಟಬೇಕು, ಮೊದಲ ಹಿಡಿಯನ್ನು ಮುತ್ತೈದೆಯೇ ಎರಚಬೇಕು. ಗಂಡ ಸತ್ತವಳ ನೆರಳೂ ಆ ಕೋಣೆಗೆ ಬೀಳಬಾರದು! ಯಾರು ಮಾಡಿದ ಕಟ್ಟೋ ಆ ಪರಶಿವನೇ ಬಲ್ಲ. ನಾಟಿ ಹಾಕುವಾಗ, ಕಳೆ ಕೀಳುವಾಗ, ಸೊಂಟ ಬೀಳುವಂತೆ ಬತ್ತ ಕುಟ್ಟುವಾಗ ಗಂಡ ಸತ್ತವಳ ಕೈ ಯಾರಿಗೂ ಮೈಲಿಗೆಯಲ್ಲ. ಬೀಜ ಮುಟ್ಟುವಾಗ ಮಾತ್ರ ಮೈಲಿಗೆ. ಥೂ, ಇದೂ ಒಂದು ಧರ್ಮವೇ?

ಒಂದು ಜ್ಯೇಷ್ಠದ ಸೋಮವಾರ, ಹೊತ್ತು ನೆತ್ತಿಗೇರಿದ್ದಾಗ, ಕಾರೇಹುಂಡಿಯ ಯಜಮಾನ ನಾಗಮಲ್ಲಪ್ಪ ಮಠದ ಮುಂದೆ ಗಾಡಿ ನಿಲ್ಲಿಸಿ ಧುಮುಕಿದ. ಕಂಕುಳಲ್ಲಿ ಒಂದು ಕುಕ್ಕೆ. ಅಂದು ಅವನಿಗೆ ಬಂದಿದ್ದ ಸಿಟ್ಟು ಇಷ್ಟಂತಲ್ಲ. ಅನ್ಯಾಯ, ತನ್ನಂಥ ಆಚಾರವಂತನಿಗೆ ಅನ್ಯಾಯ ಎಂದು ದಾರಿಯುದ್ದಕ್ಕೂ ಎತ್ತುಗಳಿಗೆ ಹೇಳಿಕೊಂಡೇ ಬಂದಿದ್ದ. ತನ್ನದು ಊರಿಗೇ ಮೊದಲು ಬೀಜ ಎರಚುವ ಮನೆ. ತನ್ನ ನೇಮನಿಷ್ಠೆ ಏಳು ಹಳ್ಳಿಗೆ ಗೊತ್ತು. ಅಂಥ ಮನೆಯಲ್ಲಿ ಹೀಗಾಗಬಹುದೇ? ಕಾಲು ತೊಳೆಯುವುದನ್ನೂ ಮರೆತು ಒಳಗೆ ನುಗ್ಗಿ, ಅಯ್ಯನವರ ಪಾದಕ್ಕೆ ಬಿದ್ದು ಎದ್ದ.

“ಬುದ್ಧಿ, ನ್ಯಾಯ ನೀವೇ ಹೇಳ್ಬೇಕು. ನನ್ನ ಮನೆ ಮುಳುಗೋಯ್ತು. ಆರು ಕುಕ್ಕೆ ರತ್ನಚೂಡಿ ಬತ್ತ ಕಟ್ಟಿದ್ದೆ, ಒಂದು ಕಾಳೂ ಮೊಳೀನಿಲ್ಲ!”

ಅಯ್ಯನವರು ಸೋರೆಬೀಜದ ಬಟ್ಟೆಗೆ ನೀರು ಚಿಮುಕಿಸುತ್ತಿದ್ದರು. ತಿರುಗಿ ನೋಡಿ, “ಕೂತ್ಕೊಂಡು ಹೇಳು” ಎಂದರು.

ಅವನು ಕೂರಲಿಲ್ಲ. ನಿಂತೇ ಹೇಳಿದ. ಶುಕ್ರವಾರ ಬೆಳಕು ಹರಿಯುವ ಹೊತ್ತಿಗೆ ಎದ್ದವನು ಬೀಜದ ಕೋಣೆಯಲ್ಲಿ ಸದ್ದು ಕೇಳಿ ಇಣುಕಿದರೆ, ಒಳಗೆ ಅವನ ಅತ್ತಿಗೆ ಬಸಮ್ಮಣ್ಣಿ, ಅಣ್ಣ ತೀರಿಕೊಂಡು ಒಂಬತ್ತು ವರ್ಷವಾದ ಅತ್ತಿಗೆ, ಮೊಣಕೈವರೆಗೂ ಬೀಜದ ಕುಕ್ಕೆಯೊಳಗೆ ಕೈ ಇಟ್ಟು ಕುಳಿತಿದ್ದಾರೆ!

“ನನ್ನ ಮೈಯೆಲ್ಲ ಉರಿದೋಯ್ತು ಬುದ್ಧಿ. ರಟ್ಟೆ ಹಿಡಿದು ಆಚೆಗೆ ಎಳೆದೆ. ಗೋಮೂತ್ರ ಚಿಮುಕಿಸಿ, ಕೋಣೆಗೆ ಬೀಗ ಹಾಕಿ, ಬೀಗದ ಕೈ ನನ್ನ ಸೊಂಟಕ್ಕೆ ಸಿಕ್ಕುಸ್ಕೊಂಡೆ. ಸೋಮವಾರದ ಒಳ್ಳೇ ಹೊತ್ತಿನವರೆಗೂ ನರಪಿಳ್ಳೆ ಅದರ ಹತ್ರ ಸುಳೀಕೂಡದು ಅಂದೆ. ಇವತ್ತು ಊರೋರ್ನೆಲ್ಲ ಕರೆದು ಬಾಗಿಲು ತೆಗೆದ್ರೆ ಹುಳಿ ನಾತ! ಬತ್ತವೆಲ್ಲ ಕೊಳೆತು ಲೋಳೆಲೋಳೆ. ಅವ್ಳ ಕೈ ಸೋಕಿದ್ದಕ್ಕೇ ಹಿಂಗಾಯ್ತು ಅಂತ ಅಲ್ಲೇ ಎಲ್ಲರ ಮುಂದೆ ಹೇಳ್ದೆ. ಸುಳ್ಳಾ? ನೀವೇ ಹೇಳಿ.”

“ಈಗ ಆಯಮ್ಮ ಎಲ್ಲವ್ರೆ?”

“ಗಾಡೀಲಿ. ತವರೂರಲ್ಲಿ ಬಿಟ್ಟು ಬತ್ತೀನಿ. ತವರಲ್ಲಿ ಯಾರೂ ಉಳಿದಿಲ್ವಂತೆ, ಅದಕ್ಕೆ ನಾನೇನ್ ಮಾಡ್ಲಿ? ಊರ ಮುಂದಿನ ಗುಡಿ ಜಗಲೀಲಿ ಬಿದ್ದಿರ್ಲಿ. ನಿಮ್ಮ ಅಪ್ಪಣೆ ಒಂದಾದ್ರೆ ನನಗೂ ಸಮಾಧಾನ.”

ಕೇಳಿದಿರಾ ಮಾತನ್ನು! ಬಸಮ್ಮಣ್ಣಿಯವರು ಆ ಮನೆಗೆ ಸೊಸೆಯಾಗಿ ಬಂದಾಗ ಅವರಿಗೆ ಹದಿಮೂರು ವರ್ಷ, ಈ ನಾಗಮಲ್ಲಪ್ಪನಿಗೆ ಐದು. ತಾಯಿಯಿಲ್ಲದ ಕೂಸು. ಅದಕ್ಕೆ ತಲೆ ಬಾಚಿದ್ದು, ಉಣ್ಣಿಸಿದ್ದು, ಸಿಡುಬೆದ್ದಾಗ ಬೇವಿನ ಸೊಪ್ಪು ಹಿಡಿದು ಇಪ್ಪತ್ತು ದಿನ ಪಕ್ಕದಲ್ಲಿ ಕುಳಿತದ್ದು ಇದೇ ಬಸಮ್ಮಣ್ಣಿ. ಹೆತ್ತ ಮಕ್ಕಳಿಲ್ಲದ ಆ ತಾಯಿ ಅವನನ್ನೇ ಮಗ ಎಂದುಕೊಂಡಿದ್ದರು. ಹತ್ತಿದ ಏಣಿಯನ್ನು ಒದೆಯುವವರನ್ನು ನೋಡಿದ್ದೇವೆ. ಒದ್ದು, ಮೇಲೆ ಗುರುವಿನ ಅಪ್ಪಣೆಯನ್ನೂ ಕೇಳಲು ಬಂದವನನ್ನು ಅಂದು ಆ ಮಠ ನೋಡಿತು.

ಅಯ್ಯನವರು ಅವನ ಕುಕ್ಕೆಯನ್ನು ಎಳೆದುಕೊಂಡರು. ಬತ್ತದೊಳಗೆ ಕೈ ತೂರಿ, ಒಂದು ಹಿಡಿ ತೆಗೆದು, ಹಿಸುಕಿ, ಮೂಸಿ ನೋಡಿದರು. ನಾಲ್ಕೈದು ಕಾಳುಗಳನ್ನು ಅಂಗೈಯಲ್ಲಿ ಹರಡಿ ಬೆಳಕಿಗೆ ಹಿಡಿದರು. ಕಾಳಿನ ತುದಿಯಲ್ಲಿ ಮೊಳಕೆ ಬಂದಿತ್ತು! ಬಂದು, ಅರ್ಧಕ್ಕೇ ಬೆಂದು ಕಪ್ಪಾಗಿತ್ತು. ಅಯ್ಯನವರ ಮುಖ ಕೆಂಪೇರಿತು. ಮೂವತ್ತು ವರ್ಷ ಮಠಕ್ಕೆ ನಡೆದುಕೊಂಡವರೂ ಆ ಮುಖದಲ್ಲಿ ಸಿಟ್ಟು ಕಂಡಿರಲಿಲ್ಲ.

“ಹೋದ ವರ್ಷದವರೆಗೂ ಬೀಜ ನೋಡ್ಕೋತಿದ್ದೋರು ಯಾರು?”

“ನನ್ನ ಮನೆಯೋಳು ಬುದ್ಧಿ, ಗೌರಮ್ಮ. ಮುತ್ತೈದೆ.”

“ದಿನಕ್ಕೆ ಎಷ್ಟು ಸಲ ಕುಕ್ಕೆ ಬಿಚ್ಚಬೇಕು?”

“ಅದೆಲ್ಲ ಹೆಂಗಸ್ರ ಕೆಲ್ಸ. ನಂಗೇನು ಗೊತ್ತು?”

“ನೀನು ಬೀಗ ಹಾಕಿದಾಗ ಗೌರಮ್ಮ ಏನಂದ್ಲು?”

ನಾಗಮಲ್ಲಪ್ಪ ಸೊಂಟದ ಬೀಗದ ಕೈಯನ್ನು ಮುಟ್ಟಿ ನೋಡಿಕೊಂಡ. ಶುಕ್ರವಾರ ಸಂಜೆ ಹೆಂಡತಿ ಬಂದು, “ಬೀಗದ ಕೈ ಕೊಡಿ, ಬತ್ತ ಬಿಚ್ಚಿ ಆರಿಸ್ಬೇಕಂತೆ” ಎಂದಿದ್ದಳು. ಶನಿವಾರ ಮತ್ತೆ ಬಂದು, ಅಳುತ್ತ, “ಕಾವು ಏರ್ತದಂತೆ, ಅಕ್ಕ ಹೇಳ್ತಾವ್ರೆ. ನಂಗದು ಬರಾಕಿಲ್ಲ. ಒಂದೇ ಒಂದ್ಸಲ ಅಕ್ಕನ್ನ ಒಳಗೆ ಬಿಡಿ” ಎಂದಿದ್ದಳು. ಅವನು ಕೈ ಎತ್ತಿದ್ದ. ಅವಳು ಮತ್ತೆ ಕೇಳಲಿಲ್ಲ. ನಂಗದು ಬರಾಕಿಲ್ಲ ಎಂದಳಲ್ಲ, ಹಾಗಾದರೆ ಇಷ್ಟು ವರ್ಷ? ಒಂಬತ್ತು ವರ್ಷವೂ ಆರಾರು ಕುಕ್ಕೆ ಬತ್ತ ಮಲ್ಲಿಗೆ ಮೊಗ್ಗಿನ ಹಾಗೆ ಮೊಳೆತಿತ್ತಲ್ಲ, ಅದು? ಆದರೂ ಯಜಮಾನಿಕೆ ಬಿಡಬೇಕಲ್ಲ!

“ಬುದ್ಧಿ, ಅದೇನೇ ಇರ್ಲಿ. ಹಣೇಲಿ ಕುಂಕುಮ ಇಲ್ದೋರು ಬೀಜ ಮುಟ್ಟಬಾರ್ದು ಅಂತ ಶಾಸ್ತ್ರ…”

ಅಯ್ಯನವರು ಎದ್ದು ನಿಂತರು. ಅವನ ಮುಖಕ್ಕೆ ಮುಖ ತಂದರು.

“ನನ್ನ ಹಣೆ ನೋಡು. ಕುಂಕುಮ ಎಲ್ಲದೆ, ತೋರ್ಸು.”

ಮೂರು ಬೆರಳಿನ ವಿಭೂತಿ. ಬೇರೇನೂ ಇರಲಿಲ್ಲ.

“ಈ ಕಿಟಕೀಲಿರೋ ಬೀಜವೆಲ್ಲ ನಾನು ಮುಟ್ಟಿದ್ದೇ. ಹೋದ ವರ್ಷ ನನ್ನ ಕೈಯಿಂದ ಕುಂಬಳದ ಸಸಿ ಇಸ್ಕೊಂಡು ಕಣ್ಣಿಗೊತ್ಕೊಂಡೆಯಲ್ಲ, ಆವಾಗ ಈ ಶಾಸ್ತ್ರ ಎಲ್ಲಿ ಮೇಯೋಕೆ ಹೋಗಿತ್ತು?” ಎಂದು ಕೇಳಿ, ಆ ಕೊಳೆತ ಹಿಡಿಯನ್ನು ಅವನ ಅಂಗೈಗೆ ಸುರಿದರು. “ಆಯಮ್ಮನ ಕೈ ಸೋಕಿದ್ದಕ್ಕಲ್ಲ ಕನಯ್ಯ. ಸೋಕದೇ ಇದ್ದದ್ದಕ್ಕೆ ಇದು ಸತ್ತಿದ್ದು. ಮೂರು ದಿನ ಗೋಣಿ ಎತ್ತದೆ, ಕೆದಕದೆ, ತನ್ನ ಕಾವಲ್ಲಿ ತಾನೇ ಬೆಂದೋಯ್ತು. ಬೆಂದಿದ್ದು ಬೀಜ, ಬೀಗ ಹಾಕಿದೋನು ನೀನು, ಗಾಡಿ ಹತ್ತಿದ್ದು ಅವರು!”

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬ ಗಾದೆ ನಮ್ಮಲ್ಲಿ ಸುಮ್ಮನೆ ಹುಟ್ಟಿಲ್ಲ. ನಾಗಮಲ್ಲಪ್ಪ ಆ ಕಾಳುಗಳನ್ನು ಕಣ್ಣ ಹತ್ತಿರ ಹಿಡಿದು ನೋಡಿದ. ಅವನು ಏನಾದರೂ ಹೇಳುವಷ್ಟರಲ್ಲಿ ಅಯ್ಯನವರು ಹೊರಗೆ ನಡೆದಿದ್ದರು, ಬರಿಗಾಲಲ್ಲಿ, ಆ ಉರಿಬಿಸಿಲಲ್ಲಿ.

ಗಾಡಿಯ ಮೂಲೆಯಲ್ಲಿ ಬಸಮ್ಮಣ್ಣಿಯವರು ಸೆರಗನ್ನು ತಲೆಗೆ ಹೊದ್ದು ಕುಳಿತಿದ್ದರು. ಮೂವತ್ತೈದು ವರ್ಷ ದುಡಿದ ಮನೆಯಿಂದ ಹೊರಟವರ ಬಳಿ ಇದ್ದದ್ದು ಒಂದು ಸೀರೆಯ ಗಂಟು. ಅಯ್ಯನವರು ಗಾಡಿಯ ಮುಂದೆ ಕೈ ಮುಗಿದು ನಿಂತರು. ಹೌದು, ಅಯ್ಯನವರೇ ಕೈ ಮುಗಿದರು.

“ತಾಯಿ, ಇಳಿದು ಬಾ. ನಿನ್ನ ಇಷ್ಟು ಹೊತ್ತು ಬಿಸಿಲಲ್ಲಿ ಕೂರಿಸ್ಬಿಟ್ಟೆ.”

ಆ ತಾಯಿ ಗಡಬಡಿಸಿ ಇಳಿದು ಪಾದಕ್ಕೆ ಬಿದ್ದರು. ಕಣ್ಣಲ್ಲಿ ಒಂದು ಹನಿ ನೀರಿರಲಿಲ್ಲ. ಅಳುವ ಹಂತ ದಾಟಿ ಆಗಿತ್ತು.

“ಒಳಗೆ ನೆನೆಹಾಕಿದ ಬತ್ತ ಅದೆ. ಮಠದ ಗದ್ದೆಗೆ ಅಂತ ಇಟ್ಟಿದ್ದು, ಮೂರು ಕುಕ್ಕೆ ಆಗ್ತದೆ. ಈಗ ಬಸಿದು ಕಟ್ಟಿದ್ರೆ ಗುರುವಾರಕ್ಕೆ ಮೊಳೀತದೆ. ನಾಲೆ ನೀರಿನ ಸರದಿ ಶುಕ್ರವಾರದವರೆಗೂ ಅದೆ. ನಿಮ್ಮ ಮನೆ ಗದ್ದೆ ಅರ್ಧಕ್ಕಾದ್ರೂ ಆದೀತು” ಎಂದರು ಅಯ್ಯನವರು.

ಹಿಂದೆಯೇ ಓಡಿಬಂದಿದ್ದ ನಾಗಮಲ್ಲಪ್ಪ, “ಮಠದ ಗದ್ದೆಗೆ ಏನ್ ಮಾಡ್ತೀರಿ ಬುದ್ಧಿ?” ಎಂದ.

“ಮಠ ಈ ವರ್ಷ ರಾಗಿ ಉಣ್ತದೆ. ಆದ್ರೆ ಬೀಜ ನಿನಗೆ ಕೊಡಾಕಿಲ್ಲ. ಆಯಮ್ಮನಿಗೆ ಕೊಡ್ತೀನಿ. ಅವರು ಮನಸ್ಸು ಮಾಡಿದ್ರೆ ಉಂಟು, ಇಲ್ದಿದ್ರೆ ಇಲ್ಲ.”

ಬಸಮ್ಮಣ್ಣಿಯವರು ತಲೆ ಎತ್ತಿದರು.

“ಬುದ್ಧಿ, ನೀವು ದೊಡ್ಡೋರು, ನಿಮ್ಮ ಮಾತು ಮೀರಬಾರ್ದು. ಆದ್ರೂ ಹೇಳ್ತೀನಿ, ಇವ್ನ ಬೀಜ ನಾ ಮುಟ್ಟಾಕಿಲ್ಲ. ಒಂಬತ್ತು ವರ್ಷ ಕಳ್ಳಿ ಹಂಗೆ ಕತ್ತಲೇಲಿ ಎದ್ದು ಮುಟ್ಟಿದ್ದೀನಿ. ಮೊಳ್ತಾಗ ಊರೆಲ್ಲ ಗೌರೀನ ಹೊಗಳ್ತು. ನಾನು ಅಡುಗೆ ಮನೇಲಿ ಕೂತು ಕೇಳಿಸ್ಕೊಂಡೆ, ಸಂತೋಷನೇ ಪಟ್ಟೆ. ಸಾಕಾಯ್ತು. ಊರ ಮುಂದೆ ನನ್ನ ರಟ್ಟೆ ಹಿಡಿದು ಗಾಡಿಗೆ ಹತ್ತಿಸ್ದ ಬುದ್ಧಿ, ನಾ ತುತ್ತು ಇಟ್ಟ ಕೂಸು! ಇನ್ನು ನನ್ನ ಕೈ ಅವ್ನ ಬೀಜಕ್ಕೆ ಹೋಗಾಕಿಲ್ಲ.”

ಬೇರೆ ಗುರುಗಳಾಗಿದ್ದರೆ ಕ್ಷಮೆಯೇ ಭೂಷಣ, ಹೆಣ್ಣಿಗೆ ತಾಳ್ಮೆ ಬೇಕು ಎಂದು ಆ ತಾಯಿಗೇ ನಾಲ್ಕು ಬುದ್ಧಿಮಾತು ಹೇಳುತ್ತಿದ್ದರೋ ಏನೋ. ಹೊಡೆಸಿಕೊಂಡವರಿಗೇ ತಾಳ್ಮೆಯ ಪಾಠ ಹೇಳುವುದು ನಮ್ಮ ದೇಶದಲ್ಲಿ ಬಹಳ ಅಗ್ಗ. ಅಯ್ಯನವರು ಹಾಗೆ ಮಾಡಲಿಲ್ಲ.

“ನಿನ್ನ ಸಿಟ್ಟು ಸತ್ಯವಾದದ್ದು ತಾಯಿ. ಮುಟ್ಟಬೇಡ” ಎಂದರು.

ನಾಗಮಲ್ಲಪ್ಪ ಅಲ್ಲೇ ಬಿಸಿಲಲ್ಲಿ ನೆಲದ ಮೇಲೆ ಕುಳಿತ. ತಾನು ಹೇಳಿದ ಒಂದೊಂದು ಮಾತೂ ಈಗ ಅವನ ಕಿವಿಗೇ ಕೇಳುತ್ತಿತ್ತು. ಹಾಳಾದ ಬತ್ತದ ಚಿಂತೆ ಅವನಿಗೆ ಆಗ ಇರಲಿಲ್ಲ. ಗುಡಿ ಜಗಲಿಯಲ್ಲಿ ಬಿದ್ದಿರಲಿ ಎಂದದ್ದು ಯಾರನ್ನು, ಅದೇ ಅವನನ್ನು ಸುಡುತ್ತಿತ್ತು. ಕೂತಲ್ಲಿಂದಲೇ ಅತ್ತಿಗೆಯ ಕಾಲ ಬಳಿಗೆ ಸರಿದ.

“ಅತ್ತಿಗೆಮ್ಮ, ನೀವು ಮುಟ್ಟಬೇಡಿ. ಬಾಯಲ್ಲಿ ಹೇಳಿ. ನಾನು ಮಾಡ್ತೀನಿ.”

ಬಸಮ್ಮಣ್ಣಿಯವರು ಮುಖ ತಿರುಗಿಸಿದರು. ಒಳಗೆ ನೀರಲ್ಲಿ ನೆಂದು ಕಾಯುತ್ತಿದ್ದ ಬತ್ತ ಅವರಿಗೆ ನೆನಪಾಗಿರಬೇಕು. ಮನುಷ್ಯರ ಮೇಲಿನ ಸಿಟ್ಟನ್ನು ಬೀಜದ ಮೇಲೆ ತೀರಿಸಿಕೊಳ್ಳುವ ಜಾತಿಯಲ್ಲ ಅವರದು. “ಮೊದ್ಲು ಕಾಲು ತೊಳ್ಕೊಂಡು ಬಾ” ಎಂದರು.

ಹೀಗೆ ಏಳು ಹಳ್ಳಿಗೆ ಗೊತ್ತಿದ್ದ ಯಜಮಾನ ಮೂರು ದಿನ ಮಠದ ಒಳಕೋಣೆಯಲ್ಲಿ ಹೆಂಗಸರ ಕೆಲಸ ಕಲಿತ. ಬಸಮ್ಮಣ್ಣಿಯವರು ಹೊಸ್ತಿಲ ಆಚೆ ಮಣೆ ಹಾಕಿ ಕೂರುತ್ತಿದ್ದರು, ಒಳಗೆ ಇವನು. ಕೂತಲ್ಲಿಂದಲೇ ಬೈಗುಳ. “ಹಂಗೆ ಅದುಮಬೇಡ, ಅದೇನು ಹೊಗೆಸೊಪ್ಪಾ?” “ನೀರು ಚಿಮುಕ್ಸು ಅಂದ್ರೆ ಸುರೀತೀಯಲ್ಲೋ, ಮುಳುಗಿಸ್ತೀಯಾ?” ಬೆಳಗ್ಗೆ, ಮಧ್ಯಾಹ್ನ, ಸಂಜೆ ಮೂರು ಹೊತ್ತೂ ಗೋಣಿ ಎತ್ತಿ, ತಳದ ಬತ್ತ ಮೇಲಕ್ಕೆ, ಮೇಲಿನದು ತಳಕ್ಕೆ ಕೈಯಲ್ಲಿ ಹೊರಳಿಸಬೇಕು. ಅಯ್ಯನವರು ಪಕ್ಕದ ಕೋಣೆಯಲ್ಲಿ ಪೂಜೆಗೆ ಕುಳಿತು ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದರು. ಒಮ್ಮೊಮ್ಮೆ ನಗುವುದು ಕೇಳುತ್ತಿತ್ತು.

ಎರಡನೆಯ ದಿನ ಮಧ್ಯಾಹ್ನ ನಾಗಮಲ್ಲಪ್ಪ ಕುಕ್ಕೆಯ ನಡುವಿಗೆ ಕೈ ತೂರಿದವನು ತಟ್ಟನೆ ಹೊರಗೆ ಎಳೆದುಕೊಂಡ. ಒಳಗೆ ಜ್ವರ ಬಂದ ಮಗುವಿನ ಹಣೆಯಂಥ ಕಾವು.

“ಅತ್ತಿಗೆಮ್ಮ, ಸುಡ್ತದೆ!”

“ಸುಡದೆ ಏನು? ಬೀಜ ಉಸಿರಾಡ್ತದೆ ಕನಪ್ಪ. ಬಿಚ್ಚು, ಬಿಚ್ಚಿ ಗಾಳಿಗೆ ಹರಡು, ತಣ್ಣೀರು ಚಿಮುಕ್ಸು. ಉಸಿರು ಕಟ್ಟಿಸಿ ಕೂಡ್ಹಾಕಿದ್ರೆ ಯಾರು ತಾನೇ ಬದುಕ್ತಾರೆ?”

ಅವನು ಬತ್ತ ಹರಡುತ್ತ ಹರಡುತ್ತ ಅತ್ತುಬಿಟ್ಟ. ಒಂಬತ್ತು ವರ್ಷ ತನ್ನ ಮನೆಯ ಹಿಂದಿನ ಕೋಣೆಯಲ್ಲಿ, ಮದುವೆಗೆ ಬೇಡ, ಹಬ್ಬಕ್ಕೆ ಬೇಡ, ಎದುರಿಗೆ ಬರಬೇಡ ಎಂದು ಕೂಡಿಹಾಕಿದ್ದು ಯಾರನ್ನು?

“ನಂಗೆ ಯಾಕೆ ಹೇಳ್ಲಿಲ್ಲ, ಬೀಜ ನೀವು ನೋಡ್ತಿದ್ದದ್ದು?” ಎಂದ.

“ಹೇಳಿದ್ರೆ ಕೇಳ್ತಿದ್ಯಾ?”

ಬತ್ತ ಹರಡುವುದನ್ನು ಮುಂದುವರಿಸಿದ.

ಗುರುವಾರ ಬೆಳಗ್ಗೆ ಗೋಣಿ ಎತ್ತಿದಾಗ ಮೂರು ಕುಕ್ಕೆಯ ತುಂಬಾ ಬೆಳ್ಳಗೆ ಮೊಳಕೆ. ಅವನು ಅಯ್ಯನವರ ಪಾದಕ್ಕೆ ಬಿದ್ದು, “ಬುದ್ಧಿ, ನಾನು ಮಾಡಿದ ಪಾಪಕ್ಕೆ ಪ್ರಾಯಶ್ಚಿತ್ತ ಏನು? ನೂರೊಂದು ಜಂಗಮರಿಗೆ ಊಟ ಹಾಕಿಸ್ತೀನಿ, ಮಠಕ್ಕೆ ಹೊಸ ಹೆಂಚು ಹೊದಿಸ್ತೀನಿ” ಎಂದ.

ಅಯ್ಯನವರು ಹೇಳಿದ್ದು ಒಂದೇ ಮಾತು: “ಊರ ಮುಂದೆ ಅಂದದ್ದನ್ನ ಊರ ಮುಂದೆ ತೆಗಿ. ಅದು ಹೆಂಚಿಗಿಂತ ಭಾರ.”

ಭಾರವೇ ಆಗಿತ್ತು. ಗಾಡಿ ಕಾರೇಹುಂಡಿಗೆ ಬಂದಾಗ ಸುದ್ದಿ ಮೊದಲೇ ಮುಟ್ಟಿ, ಊರಿಗೆ ಊರೇ ಸಸಿಮಡಿಯ ಬದುವಿನ ಮೇಲೆ ನೆರೆದಿತ್ತು. ಕೆಸರು ಕಲಸಿ, ಮಟ್ಟ ಮಾಡಿ, ಮಡಿ ಸಿದ್ಧವಾಗಿತ್ತು. ಮುತ್ತೈದೆಯರು ಅರಿಸಿನ ಕುಂಕುಮದ ತಟ್ಟೆ ಹಿಡಿದು ಮುಂದೆ, ಗಂಡಸರು ಪಕ್ಕದಲ್ಲಿ. ಬಹಳ ಹಿಂದೆ, ಹುಣಸೆಮರದ ಆಚೆ, ಊರಿನ ವಿಧವೆಯರು. ಕಣ್ಣಿಗೆ ಬೀಳದಂತೆ ನಿಂತು ನೋಡುವುದಷ್ಟೇ ಅವರ ಪಾಲಿಗೆ ಇದ್ದದ್ದು. ತಮಗೆ ಕೊಟ್ಟ ಬೀಜದ ಜೊತೆಗೇ ಬಂದಿದ್ದ ಬಸಮ್ಮಣ್ಣಿಯವರು ಗಾಡಿಯಿಂದ ಇಳಿದದ್ದನ್ನು ಕಂಡು ಜನ ಗುಸುಗುಸು ಎಂದರು. “ಮತ್ತೆ ಕರ್ಕೊಂಡು ಬಂದವ್ನಲ್ಲಪ್ಪ!” ಎಂದು ಯಾರೋ ಗಟ್ಟಿಯಾಗಿಯೇ ಅಂದರು.

ನಾಗಮಲ್ಲಪ್ಪ ಕೆಸರಿಗಿಳಿದು ನಿಂತ. ಎರಡು ಸಲ ಕೆಮ್ಮಿದ.

“ಸೋಮವಾರ ನಾನೊಂದು ಮಾತು ಅಂದೆ. ನೀವೆಲ್ಲ ಕೇಳಿದ್ರಿ. ಅದು ಸುಳ್ಳು. ಬೀಜ ಕೊಂದೋನು ನಾನು. ಬೀಗ ಹಾಕಿ ಉಸಿರು ಕಟ್ಟಿಸಿ ಕೊಂದೆ. ಇಷ್ಟು ವರ್ಷ ನಮ್ಮ ಮನೆ ಬತ್ತ ಮೊಳೀತಿದ್ದದ್ದು ನಮ್ಮ ಅತ್ತಿಗೆಮ್ಮನ ಕೈಯಿಂದ. ನೀವು ನಮ್ಮ ಮನೇಲಿ ಉಂಡ ಒಂದೊಂದು ಅಗುಳೂ ಅವರು ಮುಟ್ಟಿದ್ದೇ. ಯಾರಿಗೆ ಏನು ಕೆಡುಕಾಯ್ತು, ಹೇಳಿ ನೋಡನ!”

ಅವನು ಕುಕ್ಕೆಯನ್ನು ಎತ್ತಿ ಅತ್ತಿಗೆಯ ಮುಂದೆ ಹಿಡಿದ. “ಮೊದಲ್ನೇ ಹಿಡಿ ನಿಮ್ದು. ಮನೆಯೂ ನಿಮ್ದು. ಬೇಡ ಅಂದ್ರೆ ನಾನು ಹಿಂಗೇ ನಿಂತಿರ್ತೀನಿ.”

ಬಸಮ್ಮಣ್ಣಿಯವರು ಅವನನ್ನು ನೋಡಿದರು, ಬದುವಿನ ಮೇಲಿನ ಜನರನ್ನು ನೋಡಿದರು. ಸೀರೆಯನ್ನು ಮೇಲಕ್ಕೆ ಸಿಕ್ಕಿಸಿ ಕೆಸರಿಗಿಳಿದರು. ಹಾಡುಹಗಲಲ್ಲಿ, ಊರೆಲ್ಲ ಕಣ್ಣು ಬಿಟ್ಟು ನೋಡುತ್ತಿರುವಂತೆ, ಮೊಣಕೈವರೆಗೂ ಕುಕ್ಕೆಯೊಳಗೆ ಕೈ ಇಟ್ಟು, ಒಂದು ಹಿಡಿ ತೆಗೆದು ಎರಚಿದರು.

ಆಗ ಹುಣಸೆಮರದ ಕಡೆಯಿಂದ ಒಬ್ಬ ಮುದುಕಿ ಬಂದಳು, ಕೋಲೂರಿಕೊಂಡು, ಮುತ್ತೈದೆಯರ ನಡುವೆಯೇ ದಾರಿ ಮಾಡಿಕೊಂಡು. ಹದಿನೇಳನೇ ವಯಸ್ಸಿಗೆ ಗಂಡ ಸತ್ತ ಕಲ್ಲಮ್ಮಜ್ಜಿ. ಎಪ್ಪತ್ತು ವರ್ಷದ ಜೀವ ಅಂದಿನಿಂದ ಒಮ್ಮೆಯೂ ಬೀಜ ಮುಟ್ಟಿರಲಿಲ್ಲ. ಬದುವಿನ ಅಂಚಿಗೆ ಬಂದು ಎರಡೂ ಅಂಗೈ ಚಾಚಿದಳು.

“ನಂಗೂ ಒಂದು ಹಿಡಿ ಕೊಡಪ್ಪ” ಎಂದಳು.

ಅವಳ ಹಿಂದೆ ಇನ್ನೊಬ್ಬಳು ಬಂದಳು. ಅವಳ ಹಿಂದೆ ಮತ್ತಿಬ್ಬರು. ನಾಗಮಲ್ಲಪ್ಪನವರು ಕೆಸರಲ್ಲಿ ಮೊಣಕಾಲೂರಿ, ಕಣ್ಣೀರು ಒರೆಸಿಕೊಳ್ಳಲೂ ಕೈ ಬಿಡುವಿಲ್ಲದೆ, ಒಬ್ಬೊಬ್ಬರ ಅಂಗೈಗೂ ಬೀಜ ತುಂಬಿದರು.